ಗುಡುಗವ್ವ ಕನ್ನಡ ಕಲಿತದ್ದು

ಅಂದು ಬುಧವಾರ. ಬೆಳಿಗ್ಗೆ ಏಳೂವರೆಗೆ ನನ್ನ ಹೆಂಡತಿ ಬಿಳಿ ಹಾಳೆಯಿಂದ ಹದಿನಾಲ್ಕು ಚೀಟಿ ಕತ್ತರಿಸಿ ಬಟ್ಟಲಿಗೆ ಹಾಕಿ, "ಅಂಟು ಮುಗದಾದ, ಪಾವ್ ಕಿಲೋ ಮೈದಾ ತರ್ರಿ" ಅಂದಳು. ಶಹಾಪುರದ ಬಜಾರಿಗೆ ಹೋಗಿ ಬರಲು ನನಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಮರಳಿದಾಗ ಪಕ್ಕದ ಮನೆಯವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಅವಳ ಹೃದಯ ನಿಂತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಅದಾದ ಮೇಲೆ ನಗುವಂಥದ್ದೇನೂ ನಡೆಯಲಾರದು ಎಂದುಕೊಂಡಿದ್ದೆ. ಆದರೆ ಶಾಲೆಗೆ ಅಷ್ಟು ದಾಕ್ಷಿಣ್ಯವಿಲ್ಲ. ಅಲ್ಲಿ ದಿನಕ್ಕೊಂದು ನಡೆಯುತ್ತಲೇ ಇರುತ್ತದೆ. ಮನೆಯಲ್ಲಿ ಸಾವಾದ ಮಾಸ್ತರನಿಗೂ ರಿಯಾಯಿತಿ ಇಲ್ಲ. ಅಂಥ ಕೆಲವನ್ನು ನಡೆದ ಹಾಗೆಯೇ ಬರೆದಿದ್ದೇನೆ.

ಬಾಳೆಕಾಯಿ ಕರಿಯುವಾಕಿ

ಮೊದಲು ಆ ಚೀಟಿಗಳ ವಿಷಯ. ನಾವಿಬ್ಬರೂ ವನದುರ್ಗದ ಕಡೆಯ ಒಂದೇ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆವು. ರಂಗಂಪೇಟೆಯ ಅವಳ ತಮ್ಮ ಬೋರ್‌ವೆಲ್ ಗಾಡಿಯ ಕೆಲಸಕ್ಕೆ ನೈಜೀರಿಯಾಕ್ಕೆ ಹೋದವನು. ರಜೆಗೆ ಬಂದಾಗ ಅಕ್ಕನಿಗೆಂದು ಮೂರು ಇಂಗ್ಲಿಷ್ ಕಾಮಿಕ್ಸ್ ತಂದ. ದೊಡ್ಡ ಕಂಪನಿಯವಲ್ಲ. ಅಲ್ಲಿನ ನಾಲ್ವರು ಗೆಳೆಯರು ತಾವೇ ಕಥೆ ಕಟ್ಟಿ, ತಾವೇ ಚಿತ್ರ ಬರೆದು, ತಾವೇ ಅಚ್ಚು ಹಾಕಿಸಿ, ಸಂತೆಯಲ್ಲಿ ಟೇಬಲ್ ಇಟ್ಟುಕೊಂಡು ಮಾರುತ್ತಿದ್ದರಂತೆ.

ನಾಯಕಿ ಮಾರ್ಕೆಟ್ಟಿನಲ್ಲಿ ಬಾಳೆಕಾಯಿ ಕರಿದು ಮಾರುವ ಹೆಣ್ಣುಮಗಳು. ತಲೆಗೆ ಹೂವಿನ ಬಟ್ಟೆ ಬಿಗಿದರೆ ಅವಳಿಗೆ ಗುಡುಗಿನ ಬಲ ಬರುತ್ತದೆ, ಹಾರುತ್ತಾಳೆ. ಊರಿನ ಕರೆಂಟನ್ನೆಲ್ಲ ನುಂಗುವ ಖಳನೊಬ್ಬನ ಬೆನ್ನು ಹತ್ತಿದ್ದಾಳೆ. ನನ್ನ ಹೆಂಡತಿ ಅವಳಿಗೆ ಗುಡುಗವ್ವ ಎಂದು ಹೆಸರಿಟ್ಟಳು. ಪಾತ್ರಗಳ ಮಾತು ಬರೆಯುವ ಬಿಳಿ ಗುಳ್ಳೆಗಳ ಮೇಲೆ ಕನ್ನಡದ ಚೀಟಿ ಅಂಟಿಸಿ ಏಳನೇ ತರಗತಿಗೆ ಓದಲು ಕೊಟ್ಟಳು.

ಮಕ್ಕಳ ಬ್ಯಾಗಿನ ಮೇಲಿನ ಶೂರರೆಲ್ಲ ಕೆಂಪು ಮೈಬಣ್ಣದವರು. ಮೊದಲ ದಿನ ಒಬ್ಬ ಹುಡುಗಿ ತನ್ನ ಮುಂಗೈಯನ್ನು ಪುಟದ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿ, "ಅಕ್ಕೋರ, ಈಕಿ ನಮ್ಮ ಬಣ್ಣದಾಕಿ ಅದಾಳ್ರಿ" ಅಂದಳು. ಒಬ್ಬ ಹುಡುಗನಿಗೆ ಖಳನ ಪರಿಚಯವಿತ್ತು. "ಇಂವ ನಮ್ಮೂರಿಗಿ ವಾರಕ್ಕ ನಾಕ್ ಸಲ ಬರ್ತಾನ್ರಿ" ಅಂದ.

ಪುಸ್ತಕದ ಕನ್ನಡವೇ ಇರಲಿ ಎಂದು ನಾನು ವಾದಿಸಿದ್ದೆ. "ಬೀದ್ಯಾಗ ಬಾಳೆಕಾಯಿ ಕರಿಯಾಕಿ 'ನಿಲ್ಲು ದುಷ್ಟನೇ' ಅಂತಾಳೇನ್ರಿ?" ಎಂದು ಅವಳು ಬರೆದದ್ದು, "ಎಲ್ಲಿ ಓಡ್ತೀಲೇ ಭಾಡ್ಯಾ, ನಿಂದ್ರು!"

ಹೆಡ್ ಮಾಸ್ತರರು ಅದನ್ನು ಓದಿ ಕನ್ನಡಕ ತೆಗೆದರು. "ಅಕ್ಕೋರ, ಇದು ಬೈಗುಳ ಅಲ್ಲೇನ್ರಿ?"

"ಹೌದ್ರಿ ಸರ್. ನಿನ್ನಿ ನೀವು ಆರನೇ ಕ್ಲಾಸಿನವರಿಗಿ ಅಂದಿದ್ರಲ್ರೀ, ಅದನ್ನೇ ಹಾಕೀನ್ರಿ."

ಅವರು ಕನ್ನಡಕ ಹಾಕಿಕೊಂಡು ಮುಂದಿನ ಪುಟ ತಿರುವಿದರು.

ರೊಟ್ಟಿ ಯಾರು ಮಾಡ್ತಾರ?

ಅವಳು ಹೋದಾಗ ಮೂರನೆಯ ಪುಸ್ತಕ ಅರ್ಧವಾಗಿತ್ತು. ಮೂರನ್ನೂ ಶಾಲೆಯ ಅಲಮಾರಿನಲ್ಲಿಟ್ಟು ಬೀಗ ಹಾಕಿದೆ. ನಾಲ್ಕು ತಿಂಗಳು ತೆಗೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಅಜ್ಜಿಯೊಬ್ಬರು ಬಂದರು. ಪುಟದ ಪಕ್ಕ ಕೈಯಿಟ್ಟಿದ್ದ ಹುಡುಗಿಯ ದಾದಿ, ಅಂದರೆ ತಂದೆಯ ತಾಯಿ. ಮನೆಯಲ್ಲಿ ಉರ್ದು ಮಾತು, ಓದು ಬಾರದು. ಮೊಮ್ಮಗಳು ಕನ್ನಡದಲ್ಲಿ ಓದಿ ಹೇಳುತ್ತಿದ್ದುದನ್ನು ಕೇಳಿಕೊಂಡಿದ್ದವರು. ಏನೋ ದೂರಿರಬೇಕು ಎಂದುಕೊಂಡು ಕುರ್ಚಿ ಕೊಟ್ಟೆ.

"ಕುಂದ್ರಾಕ ಬಂದಿಲ್ಲ ಬೇಟಾ. ಗುಡುಗವ್ವಗ ಏನಾತು, ಅದನ್ನ ಹೇಳು. ಮುಗಿಲಾಗ ನಿಂದ್ರಿಸಿ ಬೀಗ ಹಾಕೀರಂತ."

ಪುಸ್ತಕ ಮುಗಿದಿಲ್ಲ, ಬರೆಯುವವರು ಇಲ್ಲ ಎಂದೆ.

"ಗೊತ್ತದ. ಅಲ್ಲಾ ಆಕಿಗಿ ಜನ್ನತ್ ಕೊಡ್ಲಿ. ನೀನೂ ಮಾಸ್ತರ ಇದ್ದಿ, ನೀ ಬರಿ. ಮಾರ್ಚ್ ಮುಗದ್ರ ಈ ಹುಡುಗ್ರು ಹೈಸ್ಕೂಲಿಗಿ ಹೋಗ್ತಾವ. ಆಮ್ಯಾಲ ಯಾರಿಗಿ ಹೇಳ್ತಿ?" ಬಾಗಿಲತನಕ ಹೋದವರು ತಿರುಗಿ ನಿಂತರು. "ಮತ್ತೊಂದು ಕೇಳೂದೈತಿ. ದಿನಾ ಊರು ಉಳಸ್ಕೋತ ಹಾರ್‍ಯಾಡ್ತಾಳಲ್ಲ, ಆಕಿ ಮನ್ಯಾಗ ರೊಟ್ಟಿ ಯಾರು ಮಾಡ್ತಾರ?"

ಅವರು ಹೋದೊಡನೆ ಬೀಗದ ಕೈ ಹುಡುಕಿದೆ. ಬೀಗ ತೆಗೆದೆ. ಮಾರ್ಚ್ ಮುಗಿಯಲು ಎರಡು ತಿಂಗಳ ಮೇಲಿತ್ತು. ಹದಿಮೂರು ಪುಟ ಉಳಿದಿದ್ದವು.

ಜ್ವರ

ಮೊದಲ ಎರಡು ಪುಟಗಳನ್ನು ಬಹಳ ಎಚ್ಚರಿಕೆಯಿಂದ ಮಾಡಿದೆ. ಒಂದೂ ತಪ್ಪಿರಬಾರದೆಂದು ನಿಘಂಟು ನೋಡಿದೆ. ಅವಳ ಅಕ್ಷರದ ಹಾಗೆಯೇ ಕಾಣಲಿ ಎಂದು ದುಂಡಗೆ ಬರೆದೆ. ಅವಳು ಎಲ್ಲಿ ನಿಲ್ಲಿಸಿದ್ದಳೆಂದು ಮಕ್ಕಳಿಗೆ ಹೇಳಲಿಲ್ಲ. ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದ. "ಲೇ, ತಂತಿ ಬಿಡಲೇ, ಶಾಕ್ ಹೊಡಿತದ!" ಎಂದು ಕೂಗಿ ಪುಟ ತಿರುವಿದ. "ಎಲೈ ದುರುಳ, ನಿನ್ನ ಅಂತ್ಯಕಾಲವು ಸಮೀಪಿಸಿತು" ಎಂದು ಓದಿ ನಿಂತುಬಿಟ್ಟ.

"ಯಾಕೋ?"

"ಸರ್, ಗುಡುಗವ್ವಗ ಆರಾಮಿಲ್ಲೇನ್ರಿ?"

"ಜ್ವರ ಬಂದಿರಬೇಕು" ಅಂದಿತು ಹಿಂದಿನ ಬೆಂಚು.

"ಜ್ವರ ಅಲ್ಲಲೇ. ಈ ಪುಟದಿಂದ ಆಕಿಗಿ ಮಾಸ್ತರ್ಕಿ ನೌಕರಿ ಸಿಕ್ಕಾದ."

ಇಡೀ ತರಗತಿ ನಕ್ಕಿತು. ನಾನು ಪುಟ ನೋಡಿದೆ. ಇಪ್ಪತ್ತು. ಅವಳು ಹತ್ತೊಂಬತ್ತಕ್ಕೆ ನಿಲ್ಲಿಸಿದ್ದಳು.

ಅಂದಿನಿಂದ ಹೊಸ ಪದ್ಧತಿ ಮಾಡಿದೆವು. ಇಂಗ್ಲಿಷ್ ಮಾತಿನ ಅರ್ಥವನ್ನು ನಾನು ಹೇಳುವುದು, ಗುಡುಗವ್ವ ಏನನ್ನುತ್ತಾಳೆಂದು ಮಕ್ಕಳು ತೀರ್ಮಾನಿಸುವುದು, ನಾನು ಬರೆದು ಅಂಟಿಸುವುದು. ಕಾಗುಣಿತ ಮಾತ್ರ ನನ್ನದು.

ಸಾಹೇಬರ ಸಂಶಯ

ಫೆಬ್ರುವರಿಯಲ್ಲಿ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಸಾಮಾನ್ಯ ಜ್ಞಾನ ಪರೀಕ್ಷಿಸಿದರು. "ನಿಮಗ ಗೊತ್ತಿರೋ ಒಬ್ಬ ಶೂರರ ಹೆಸರು ಹೇಳ್ರಿ."

"ಗುಡುಗವ್ವ!" ಇಪ್ಪತ್ತಾರು ಗಂಟಲು.

ಸಾಹೇಬರು ನನ್ನ ಕಡೆ ನೋಡಿದರು. ಸ್ಥಳೀಯ ಇತಿಹಾಸವಿರಬೇಕು ಎಂದುಕೊಂಡರೋ ಏನೋ, "ಸುರಪುರದ ಕಡೆಯಾಕಿ ಏನು?" ಎಂದರು.

"ಅಲ್ರಿ. ಆಫ್ರಿಕಾದಾಕಿ."

"ಏನು ಮಾಡ್ಯಾಳ?"

"ಕರೆಂಟ್ ವಾಪಸ್ ತರ್ಲಾಕತ್ಯಾಳ್ರಿ. ಇನ್ನಾ ಬಂದಿಲ್ರಿ."

ಸಾಹೇಬರು ಪುಸ್ತಕ ತರಿಸಿ ನಾಲ್ಕು ಪುಟ ಓದಿದರು. ಎರಡು ಸಲ ನಕ್ಕರು. ಆಮೇಲೆ ತಾವು ಸಾಹೇಬರೆಂಬುದು ನೆನಪಾಗಿ, "ಆಫ್ರಿಕಾದಾಕಿಗಿ ಕನ್ನಡ ಹ್ಯಾಂಗ ಬರ್ತದ?" ಎಂದು ಕೇಳಿದರು.

ದಾದಿಯ ಮೊಮ್ಮಗಳು ಎದ್ದು ಕೈಕಟ್ಟಿ ನಿಂತಳು. "ನಮ್ಮ ಅಕ್ಕೋರು ಕಲಿಸ್ಯಾರ್‍ರಿ."

ಸಾಹೇಬರು ವರದಿಯಲ್ಲಿ "ಕಲಿಕೆ ತೃಪ್ತಿಕರ" ಎಂದು ಬರೆದರು.

ಕೊನೆಯ ಪುಟ

ಕೊನೆಯ ಪುಟಕ್ಕೆ ಬಂದಾಗ ಏಳನೇ ತರಗತಿಯವರಿಗೆ ಉಳಿದದ್ದು ಎರಡೇ ದಿನ. ಊರಿಗೆ ದೀಪ ಬಂದಿದೆ. ಗುಡುಗವ್ವ ತಲೆಯ ಬಟ್ಟೆ ಬಿಚ್ಚಿ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಅವಳ ತಾಯಿ. ಎರಡೇ ಗುಳ್ಳೆ. ಮಗಳದು: ತಾಯೇ, ಕತ್ತಲೆಯನ್ನು ಸೋಲಿಸಿ ಮರಳಿ ಬಂದಿದ್ದೇನೆ. ತಾಯಿಯದು: ನೀನು ಮರಳುವೆ ಎಂದು ನನಗೆ ಸದಾ ತಿಳಿದಿತ್ತು. ಎರಡನ್ನೂ ಬೋರ್ಡಿನ ಮೇಲೆ ಬರೆದೆ.

ಮಕ್ಕಳಿಗೆ ಸರಿ ಬರಲಿಲ್ಲ. "ಸರ್, ನೀವು ಊರಿಗಿ ಹೋದ್ರ ನಿಮ್ಮವ್ವಗ ಹಿಂಗ ಅಂತೀರೇನ್ರಿ?"

"ಮತ್ತ ಏನಂತಾಳ?"

ಚರ್ಚೆಯೇ ಆಗಲಿಲ್ಲ. "ಯವ್ವಾ, ಹಸಿವ್ಯಾಗ್ಯಾದ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಚೀಟಿ ಬರೆದು ಅಂಟಿಸಿದೆ. "ಅವರವ್ವ?"

ದಾದಿಯ ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟು ಎದ್ದಳು. ಧ್ವನಿ ದಾದಿಯದೇ ಎಂದು ಎಲ್ಲರಿಗೂ ಗೊತ್ತಾಯಿತು. "ಇಲ್ಲೀತನ ಎಲ್ಲಿ ಸತ್ತಿದ್ದಿ? ಕೈಕಾಲು ತೊಳಕೊಂಡು ಬಾ, ರೊಟ್ಟಿ ಆರಾಕತ್ಯಾವ!"

ತರಗತಿ ಬಿದ್ದು ಬಿದ್ದು ನಕ್ಕಿತು. ನಡುವೆಯೇ ಆ ನಗು ತಟ್ಟನೆ ನಿಂತಿತು. 'ಸತ್ತಿದ್ದಿ' ಎಂದ ಬಾಯಿಗೆ ಅವಳು ಕೈ ಅಡ್ಡ ಹಿಡಿದಳು. ಇಪ್ಪತ್ತಾರೂ ಜನ ನನ್ನನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳು," ಅಂದೆ. "ಸಾವಕಾಶ. ಬರಕೋಬೇಕು."

ಅವಳು ಹೇಳಿದಳು, ನಾನು ಬರೆದುಕೊಂಡೆ. ಗುಳ್ಳೆ ಸಣ್ಣದು, ಮಾತು ದೊಡ್ಡದು. ಎರಡು ಚೀಟಿ ಹಚ್ಚಬೇಕಾಯಿತು. ಓದಿ ತೋರಿಸುವಾಗ ಮೊದಲು ನಕ್ಕವನು ನಾನೇ.

ಬಿಸಿಯೂಟದ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು, ಯಾರೂ ಎದ್ದಿರಲಿಲ್ಲ.