ಐರ್ಲೆಂಡಿನ ಹತ್ತು ಗಂಟೆ

ಕೈಯಲ್ಲಿ ಗಡಿಯಾರ ಕಟ್ಟಿದವರು ವೇಳೆಗೆ ಸರಿಯಾಗಿ ಬರುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ವೇಳೆಗೆ ಸರಿಯಾಗಿ ಬರುವವರು ಹಸಿದವರು ಮಾತ್ರ. ಸವಣೂರಿನ ಎಲೆದೋಟದ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ವೇಳೆಯನ್ನೆಲ್ಲ ಬಿಸಿಲೇ ಹೇಳಿದೆ. ಬಿಸಿಲು ಏರುವ ಮೊದಲು ಎಲೆ ಕೊಯ್ಯಬೇಕು, ಬಿಸಿಲು ಕಟ್ಟೆಗೆ ಬಂದಾಗ ರೊಟ್ಟಿ ಬಡಿಯಬೇಕು, ಇಷ್ಟೇ. ಗಡಿಯಾರ ನೋಡುವುದನ್ನು ಮೂರನೆಯ ಇಯತ್ತೆಯಲ್ಲಿ ಕಲಿತೆ. ಅದೇ ವರ್ಷ ಸಾಲೆ ಬಿಟ್ಟೆ. ಹೀಗಾಗಿ ಆ ವಿದ್ಯೆ ಬಳಕೆಯಾಗದೆ ಹೊಸದರಂತೆಯೇ ಉಳಿದಿತ್ತು.

ಅದನ್ನು ಹೊರಗೆ ತೆಗೆಯುವಂತೆ ಮಾಡಿದವಳು ನನ್ನ ಮೊಮ್ಮಗಳು. ಮಗ ಮಂಜುನಾಥ ಐರ್ಲೆಂಡಿನಲ್ಲಿ ಒಂದು ಹೋಟೆಲಿನ ಅಡುಗೆಯವನು, ಸೊಸೆ ಶೋಭಾ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಅವರಿಗೆ ಹೆಣ್ಣು ಕೂಸು ಹುಟ್ಟಿತು. ಫೋಟೋದಲ್ಲಿ ಆ ಮೂಗು ನೋಡಿದ ದಿನದಿಂದ ನಾನು ನೆಲದ ಮೇಲೆ ನಡೆದದ್ದು ಕಡಿಮೆ. ಕಾಯಿಪಲ್ಲೆ ಮಾರುವವಳನ್ನೂ ನಿಲ್ಲಿಸಿ ಮೂಗು ತೋರಿಸಿದ್ದೇನೆ. ಆದರೆ ನೆನಪಾದಾಗಲೆಲ್ಲ ಫೋನ್ ಮಾಡಿ ಆ ಬಾಣಂತಿಯ ನಿದ್ದೆ ಕೆಡಿಸುತ್ತಿದ್ದೆ. ಕೊನೆಗೆ ಮಗನೇ ನನ್ನ ಫೋನಿನಲ್ಲಿ ಇಂಟರ್‌ನೆಟ್ಟಿನ ಗಡಿಯಾರ ತೆಗೆಯುವುದನ್ನು ಕಲಿಸಿದ. ಮೇಲೆ ನಮ್ಮ ವೇಳೆ, ಕೆಳಗೆ ಐರ್ಲೆಂಡಿನ ವೇಳೆ. ಮುಳ್ಳು ಇಲ್ಲ, ಬರೀ ಅಂಕಿ. ಸೆಕೆಂಡುಗಳಂತೂ ಇರುವೆಗಳ ಹಾಗೆ ಒಂದರ ಹಿಂದೊಂದು ಓಡುತ್ತವೆ. ಸುಮ್ಮನೆ ನೋಡುತ್ತ ಕುಳಿತರೂ ಏನೋ ತಪ್ಪಿಹೋಗುತ್ತಿದೆ ಎಂದು ಎದೆ ಬಡಿದುಕೊಳ್ಳುತ್ತದೆ. ನಾಲ್ಕು ದಿನ ನೋಡಿ ಅದರ ಗುಟ್ಟು ಹಿಡಿದೆ: ಅವರು ನಮಗಿಂತ ಐದೂವರೆ ತಾಸು ಹಿಂದೆ. ಆಮೇಲೆ ಗಡಿಯಾರದ ಹಂಗೇಕೆ? ಬಾಯಿಲೆಕ್ಕದಲ್ಲೇ ಓಣಿಗೆಲ್ಲ ಐರ್ಲೆಂಡಿನ ವೇಳೆ ಹೇಳತೊಡಗಿದೆ. ಕೇಳದವರಿಗೂ ಹೇಳಿದೆ.

ಮುಂದೆ ಹೆಸರಿಡುವ ಮಾತು ಬಂತು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಕರೆಯಬೇಕು, ಕರೆದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದೆ ಹೆಸರು ಗಟ್ಟಿಯಾಗುವುದಿಲ್ಲ. ಸೋದರತ್ತೆ ಎಂದರೆ ನನ್ನ ಮಗಳು ಗಿರಿಜಾ, ಹಾನಗಲ್ಲಿನಲ್ಲಿದ್ದಾಳೆ. ಕೂಸಿನ ಹತ್ತಿರ ಇರುವವರು ಬೀಗತಿ. ಬಾಣಂತನಕ್ಕೆಂದು ಹಂಸಭಾವಿಯಿಂದ ವಿಮಾನ ಹತ್ತಿ ಹೋದವರು. ಒಳ್ಳೆಯವರೇ. ಆದರೆ ಅವರಿಗೆ ಕೂಸು 'ಅನ್ವಿತಾ' ಆಗಬೇಕಿತ್ತು, ನನಗೆ ನನ್ನ ಅತ್ತೆಯ ಹೆಸರು 'ಗಂಗಾ' ಆಗಬೇಕಿತ್ತು. ಮಗ ನಡುವೆ ಸಿಕ್ಕು ಒಂದು ತೀರ್ಪು ಕೊಟ್ಟ: "ಪದ್ಧತಿ ಪ್ರಕಾರ ಗಿರಿಜಕ್ಕ ಫೋನಿನ್ಯಾಗ ಕರೀಲಿ, ಆಕಿ ಏನ ಕರೀತಾಳೋ ಅದ ಹೆಸರು." ಗಿರಿಜಾ ನನ್ನ ಮಗಳಲ್ಲವೇ, ನಾನು ಕೂಡಲೇ ಒಪ್ಪಿದೆ. ಬೀಗತಿ ನಕ್ಕು, "ಆತ್ರಿ. ಆದ್ರ ಆಕಿ ವ್ಯಾಳೆಕ್ಕ ಬರಲಿಲ್ಲಂದ್ರ ನಾ ಕರಿಯಾಕಿ" ಎಂದರು. ಮಠದ ಅಜ್ಜಾರು, "ಕೂಸಿನ ತಲಿಮ್ಯಾಲಿನ ಹೊತ್ತು ಹಿಡೀರಿ" ಎಂದು ರವಿವಾರ ಅಲ್ಲಿಯ ಹತ್ತರಿಂದ ಹತ್ತೂವರೆಯೊಳಗೆ ಮುಹೂರ್ತ ಕೊಟ್ಟರು. ಹತ್ತಕ್ಕೆ ಐದೂವರೆ ಕೂಡಿಸಿದೆ. ನಮ್ಮ ಮಧ್ಯಾಹ್ನ ಮೂರೂವರೆ. ಮೂರಕ್ಕೇ ಬರಬೇಕೆಂದು ಗಿರಿಜಾಗೂ ಓಣಿಯ ಹೆಂಗಸರಿಗೂ ಹೇಳಿದೆ.

ರವಿವಾರ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದೆವು. ಖಾಲಿ ತೊಟ್ಟಿಲು ತೂಗಬಾರದು. ಅದಕ್ಕೇ ಖಾರ ಅರೆಯುವ ಗುಂಡುಕಲ್ಲನ್ನು ತೊಳೆದು, ಕುಲಾವಿ ಹಾಕಿ ಅದರಲ್ಲಿ ಮಲಗಿಸಿದೆ. ನನ್ನ ಗಂಡ ಬಗ್ಗಿ ನೋಡಿ, "ಮೂಗು ನಿನ್ನಂಗ ಐತಿ" ಎಂದರು. ಪಕ್ಕದ ಮನೆಯ ಮೆಹಬೂಬಿ ಗುಗ್ಗರಿ ಕುದಿಸಲು ಮೊದಲೇ ಬಂದಿದ್ದಳು. ನಮ್ಮ ಗಡಿಯಾರದಲ್ಲಿ ಎರಡಾಗಿತ್ತು. ಅವಳು ನನ್ನ ಫೋನ್ ನೋಡಿ, "ಅವ್ವಾರ, ಅಲ್ಲೆ ಒಂಬತ್ತೂವರಿ ಆಗೇತ್ರಿ" ಎಂದಳು.

"ಎಂಟೂವರಿ ನೋಡವ್ವಾ. ಅದು ಮುಂಜಾನೆ ನನ್ನ ಕೈಯಾಗಿಂದ ಬಿದ್ದೈತಿ. ಬಿದ್ದ ಪೆಟ್ಟಿಗೆ ಒಂದು ತಾಸು ಮುಂದ ಹೋಗೇತಿ."

"ಬಿದ್ರ ನಮ್ಮ ವ್ಯಾಳೆ ಯಾಕ ಹೋಗಿಲ್ರಿ? ಅದು ಬರೋಬ್ಬರಿ ಐತಲ್ಲ?"

ಮೇಲಿನದು ಗಟ್ಟಿ ಇರುತ್ತದೆ, ಕೆಳಗಿನದಕ್ಕೆ ಪೆಟ್ಟು ಜಾಸ್ತಿ ಎಂದು ನಾನು ತಿಳಿಸಿ ಹೇಳಿದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ಆದರೆ ಗುಗ್ಗರಿ ಉಕ್ಕುತ್ತಿತ್ತು, ಮಾತು ಅಲ್ಲಿಗೇ ನಿಂತಿತು.

ಎರಡೂವರೆಗೆ ಫೋನ್ ಗುಣುಗುಟ್ಟಿತು. ತೆರೆಯ ಮೇಲೆ ಮಗ, ಹಿಂದೆ ಹೂವು ಕಟ್ಟಿದ ತೊಟ್ಟಿಲು, ಅದರ ಪಕ್ಕದಲ್ಲಿ ಇಳಕಲ್ಲ ಸೀರೆಯುಟ್ಟ ಬೀಗತಿ.

"ಅವ್ವಾ, ಗಿರಿಜಕ್ಕ ಎಲ್ಲೆ? ಹತ್ತಾತು!"

"ಒಂಬತ್ತಪ್ಪಾ!"

"ಇವತ್ತಿನಿಂದ ಇಲ್ಲೆ ಗಡಿಯಾರ ಒಂದು ತಾಸು ಮುಂದ ಇಟ್ಟಾರ ಬೇ. ವರ್ಷಾ ಬ್ಯಾಸಿಗಿ ಬಂತಂದ್ರ ಇಡ್ತಾರ. ಹೇಳೂದ ಮರತಿದ್ದೆ. ನಿನ್ನ ಫೋನಿನ್ಯಾಗ ಕಾಣಿಸಲಿಲ್ಲೇನು?"

ನಮ್ಮಲ್ಲಿ ಬೇಸಿಗೆ ಬಂದರೆ ಮಲಗುವ ಹೊರಸು ಅಂಗಳಕ್ಕೆ ಹೋಗುತ್ತದೆ, ಗಡಿಯಾರ ಎಲ್ಲಿಗೂ ಹೋಗುವುದಿಲ್ಲ. ಆದರೆ ಜಗಳ ತೆಗೆಯಲು ಪುರಸೊತ್ತು ಎಲ್ಲಿತ್ತು? ಮೆಹಬೂಬಿ ಸೌಟು ಹಿಡಿದುಕೊಂಡೇ ಹೆಂಗಸರನ್ನು ಕರೆಯಲು ಓಡಿದಳು. ಗಂಡ ತಮ್ಮ ಫೋನಿನಿಂದ ಗಿರಿಜಾಗೆ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು, ಎತ್ತಲಿಲ್ಲ. ಅವಳು ಫೋನನ್ನು ಚೀಲದ ತಳದಲ್ಲಿಟ್ಟು ಅದರ ಮೇಲೆ ಬುತ್ತಿ ಇಡುವವಳು, ನನಗೆ ಗೊತ್ತು, ಕಲಿಸಿದವಳು ನಾನೇ. ಹೆಂಗಸರು ಒಬ್ಬೊಬ್ಬರೇ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದರು. ಒಬ್ಬಳ ಕೈಯಲ್ಲಿ ಇನ್ನೂ ಹಿಟ್ಟು ಇತ್ತು. ಎಲ್ಲರೂ ತೊಟ್ಟಿಲ ಸುತ್ತ ನಿಂತು ಗುಂಡುಕಲ್ಲನ್ನೇ ನೋಡುತ್ತಿದ್ದರು.

"ಮುಹೂರ್ತ ಮೀರಾಕತ್ತೈತ್ರಿ ಬೀಗ್ತ್ಯಾರ" ಎಂದು ತೆರೆಯೊಳಗಿಂದ ದನಿ ಬಂತು. "ನಾ ಕರೀಲೇನು?"

"ಇನ್ನೊಂಚೂರು ತಡೀರಿ. ಬಸ್ಸಿನ್ಯಾಗ ಅದಾಳ."

"ಸೂರ್ಯ ತಡೀತಾನೇನ್ರಿ?" ಎಂದು ಬೀಗತಿ ಕೂಸಿನ ಕಿವಿಯ ಹತ್ತಿರ ಬಗ್ಗಿದರು. ಬಗ್ಗಿದವರು ಅಲ್ಲೇ ತಡೆದರು. "ಲಗೂನ ಹಚ್ಚರಿ ಅಕಿಗೆ. ನಾ ಕರದ್ರ ಹೆಸರು ನಂದ ಆಗತೈತಿ, ಹೇಳಿರ್ತೇನಿ." ನನ್ನ ಅತ್ತೆ ನನ್ನನ್ನು ಬೈದದ್ದೆಲ್ಲ ಮರೆತು, ತಾಯಿ ಗಂಗವ್ವಾ, ಬಾ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಬದುಕಿದ್ದಾಗ ಅವರನ್ನು ನಾನು ಇಷ್ಟು ಆಸೆಯಿಂದ ಕರೆದದ್ದಿಲ್ಲ.

ಅಷ್ಟರಲ್ಲಿ ಗಂಡನ ಫೋನ್ ತಾನೇ ಹಾಡಿತು. ಗಿರಿಜಾ! ಹಿಂದೆ ಬಸ್ಸಿನ ಗದ್ದಲ. "ಅಪ್ಪಾ, ಬಂಕಾಪುರ ಬಿಟ್ಟೀವಿ. ಗುಗ್ಗರಿ ಕುದ್ದಾವೇನು?"

"ಗುಗ್ಗರಿ ಹಾಳಾಗ್ಲಿ, ಹೆಸರು ಕರಿ!" ಎಂದು ನಾನು ಫೋನ್ ಕಸಿದುಕೊಂಡೆ.

"ಇಲ್ಲೇನಬೇ? ಮಂದಿ ಅದಾರ!"

"ಮಂದಿ ಇರಲಿ, ಕರಿ!"

ಎರಡೂ ಫೋನುಗಳನ್ನು ಒಂದರ ಬಾಯಿಗೆ ಇನ್ನೊಂದರ ಕಿವಿ ಕೂಡುವಂತೆ ಹಿಡಿದೆ. ಬಸ್ಸಿನಲ್ಲಿ ಯಾರೋ "ಡ್ರೈವರಣ್ಣಾ, ಹಾಡು ಬಂದ್ ಮಾಡ್ರಿ, ಕೂಸಿನ ಹೆಸರು ಕರೀತಾರ" ಎಂದದ್ದು ಕೇಳಿಸಿತು. ಗದ್ದಲ ಇಳಿಯಿತು. ಐರ್ಲೆಂಡಿನಲ್ಲಿ ಬೀಗತಿ ಫೋನನ್ನು ಕೂಸಿನ ಕಿವಿಗೆ ಹಿಡಿದರು, ತಾವೇ ಹಿಡಿದರು. ಗಿರಿಜಾ ಉಸಿರು ಎಳೆದುಕೊಂಡು ಕರೆದಳು: "ಕುರ್ರ್... ಗಂಗಾ! ಕುರ್ರ್... ಗಂಗಾ!"

ಕೂಸು ಆಕಳಿಸಿತು. ಆ ಬಾಯಿ, ಆ ಗುಲಾಬಿ ವಸಡು! ನಾನು ಫೋನಿಗೇ ಮುತ್ತು ಕೊಟ್ಟೆ. ಕಣ್ಣಲ್ಲಿ ನೀರು ಬಂತು, ಗೆದ್ದ ಸೊಕ್ಕೂ ಸ್ವಲ್ಪ ಬಂತು. ಆಗ ಮೆಹಬೂಬಿ ಮೆಲ್ಲಗೆ ಕೇಳಿದಳು, "ಅವ್ವಾರ, ಗುದ್ದು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಸರು ಕರೆದವಳ ಬೆನ್ನು ಬಂಕಾಪುರದ ಆಚೆ ಬಸ್ಸಿನಲ್ಲಿತ್ತು. ಇಲ್ಲಿ ಊಟದ ನಡುವೆ, ಹಿಟ್ಟಿನ ನಡುವೆ, ನಿದ್ದೆಯ ನಡುವೆ ಎದ್ದು ಬಂದ ಹೆಂಗಸರ ಮುಷ್ಟಿಗಳು ತಯಾರಾಗಿ ನಿಂತಿದ್ದವು. ಒಂದು ತಾಸಿನ ಲೆಕ್ಕ ತಪ್ಪಿಸಿದವಳು ಯಾರೆಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನಾನು ಬಗ್ಗಿ ಫೋನಿನೊಳಗಿನ ಕೂಸಿಗೆ ಇನ್ನೊಂದು ಮುತ್ತು ಕೊಡುವ ಹೊತ್ತಿಗೆ ಮೊದಲನೆಯದು ಬಿತ್ತು. ಆಮೇಲಿನವನ್ನು ಎಣಿಸಲಾಗಲಿಲ್ಲ. ತೆರೆಯೊಳಗಿಂದ ಬೀಗತಿ, "ನನ್ನ ಪಾಲಿಂದೂ ಎರಡ ಹಾಕ್ರೆವ್ವಾ, ನಂಗ ಕೈ ಮುಟ್ಟೂದಿಲ್ಲ!" ಎಂದು ಕೂಗಿದರು. ಮೆಹಬೂಬಿ ಆ ಎರಡನ್ನೂ ಪ್ರಾಮಾಣಿಕವಾಗಿ ಮುಟ್ಟಿಸಿದಳು.

ಹೆಸರು ಗಟ್ಟಿಯಾಗಿದೆ. ನನ್ನ ಬೆನ್ನಿಗೆ ಗಂಡ ಇನ್ನೂ ಎಣ್ಣೆ ತಿಕ್ಕುತ್ತಿದ್ದಾರೆ.