ರಿಸಲ್ಟಿಗೆ ಮೊದಲೇ ಕಟ್ಟಿದ ಬ್ಯಾನರು

ನಮ್ಮ ಸೋದರತ್ತೆ ಸಾಕ್ಷಾತ್ ಯಮಧರ್ಮನೇ ಬಂದರೂ ಬಾಗಿಲಲ್ಲೇ ನಿಲ್ಲಿಸಿ, "ಎಸ್ಸೆಸ್ಸೆಲ್ಸೀಲಿ ಎಷ್ಟಪ್ಪ ಪರ್ಸೆಂಟು?" ಎಂದು ಕೇಳದೆ ಬಿಡುವವರಲ್ಲ. ಎಪ್ಪತ್ತಕ್ಕಿಂತ ಕಡಿಮೆ ಅಂದನೋ, ಕೋಣ ತಿರುಗಿಸಿಕೊಂಡು ಹೋಗಬೇಕಷ್ಟೆ!

ಜೋಗುಪಾಳ್ಯದಲ್ಲಿ ಅವರ ಮಾವ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. ಬೇರೆ ಓನರುಗಳು ಜಾತಿ ಕೇಳುತ್ತಾರೆ, ಅಡುಗೆಮನೆಯಲ್ಲಿ ಏನು ಬೇಯಿಸುತ್ತೀರಿ ಎಂದು ಕೇಳುತ್ತಾರೆ. ನಮ್ಮತ್ತೆಗೆ ಅಂಥ ಸಣ್ಣ ಬುದ್ಧಿಯಿಲ್ಲ. ಅವರು ಮಕ್ಕಳ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ. "ಮಗು ಇನ್ನೂ ಯುಕೆಜಿ ಆಂಟಿ" ಎಂದು ಒಬ್ಬ ತಮಿಳು ಹುಡುಗ ತಲೆ ಕೆರೆದುಕೊಂಡಾಗ, "ಹಂಗಾದ್ರೆ ನಿಮ್ದೇ ತೋರ್ಸಿ" ಎಂದರು. ಪಾಪ, ಅವನು ತೋರಿಸಿದ! ಈ ಊರಲ್ಲಿ ಮನೆ ಸಿಗುತ್ತದೆ ಅಂದರೆ ಯಾರು ತಾನೇ ಏನು ತೋರಿಸುವುದಿಲ್ಲ?

ಒಮ್ಮೆ ತಲೆ ಸುತ್ತಿತೆಂದು ಹಲಸೂರಿನ ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ, "ಪಿಯುಸೀಲಿ ನಿಂಗೆಷ್ಟಮ್ಮ ಬಂದಿತ್ತು?" ಎಂದು ಶುರುಮಾಡಿದರು. "ನಂದು ಇರ್ಲಿ ಅಜ್ಜಿ, ನಿಮ್ಮ ಬೀಪೀನೇ ಡಿಸ್ಟಿಂಕ್ಷನ್ನಲ್ಲಿದೆ!" ಎಂದಳು ಆಕೆ. ಅತ್ತೆ ಆ ಮಾತನ್ನು ಇಡೀ ಬೀದಿಗೆ ಹೆಮ್ಮೆಯಿಂದ ಹೇಳಿಕೊಂಡು ಬಂದರು.

ನನಗೆ ಬಂದದ್ದು ಐವತ್ತೊಂದು. ಇಂದಿರಾನಗರದಲ್ಲಿ ಬೇಕರಿ ಇಟ್ಟು ತಲೆ ನರೆಯಿತು, ಅತ್ತೆ ಬೆಳಿಗ್ಗೆ ತಿನ್ನುವ ಬನ್ನೂ ನನ್ನದೇ. ಆದರೂ ಹಬ್ಬದ ದಿನ ನನ್ನ ಎಲೆಗೆ ಬೀಳುವುದು ಅರ್ಧ ಹೋಳಿಗೆ! "ಐವತ್ತೊಂದಕ್ಕೆ ಅರ್ಧ ತಾನೇ ಕಣೋ ಲೆಕ್ಕ?" ಎಂದು ನಗುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಒಳಗೆ ಉರಿಯುತ್ತಿದ್ದರೂ.

ಈ ವರ್ಷ ಅವರ ಮೊಮ್ಮಗಳು ಸಿಂಧು ಹತ್ತನೇ ಕ್ಲಾಸು. ಪಾಸಾದ ಮಕ್ಕಳ ಫೋಟೋ ಹಾಕಿ ಬೀದಿ ಮೂಲೆಯಲ್ಲಿ ಫ್ಲೆಕ್ಸ್ ಕಟ್ಟಿಸುವುದು ನಮ್ಮ ಕಡೆ ಈಗ ನಾಮಕರಣದಷ್ಟೇ ಕಡ್ಡಾಯ. ರಿಸಲ್ಟಿನ ದಿನ ಫ್ಲೆಕ್ಸ್ ಅಂಗಡಿಯಲ್ಲಿ ರಶ್ಶಿರುತ್ತದೆಂದು ಅತ್ತೆ ಹಿಂದಿನ ದಿನವೇ ಶಿವಾಜಿನಗರಕ್ಕೆ ಹೋದರು.

"ನಂಬರ್ ಇನ್ನೂ ಬಂದಿಲ್ವಲ್ಲಮ್ಮ, ಏನಂತ ಹಾಕ್ಲಿ?" ಎಂದನಂತೆ ಅಂಗಡಿಯ ಸಾಬಿ.

"ತೊಂಬತ್ತೈದು ಹಾಕಪ್ಪ. ಆಮೇಲೆ ಹೆಚ್ಚು ಬಂದ್ರೆ ಬರ್ಲಿ, ದೃಷ್ಟಿನಾದ್ರೂ ಆಗಲ್ಲ."

ಬೆಳಗಾಗುವಷ್ಟರಲ್ಲಿ ಬ್ಯಾನರು ಮೂಲೆಯಲ್ಲಿತ್ತು. ನಾನು ಅತ್ತೆಯ ಅಪ್ಪಣೆಯಂತೆ ತೊಂಬತ್ತೈದು ಎಂದು ಬರೆದ ಕೇಕು ಹಿಡಿದು ಹೋದೆ. ಅಷ್ಟರಲ್ಲಿ ರಿಸಲ್ಟು ಬಂದಿತ್ತು. ಸಿಂಧು ಮ್ಯಾಥ್ಸಲ್ಲಿ ಫೇಲು.

ಹಾಲಿನ ಬೂತಿನವನು ಬಂದು ಕಂಗ್ರಾಟ್ಸ್ ಹೇಳಿದ. ಅತ್ತೆ ಥ್ಯಾಂಕ್ಸ್ ಅಂದರು! ಅವನು ಹೋದದ್ದೇ ತಡ, ಹುಡುಗಿಯ ಕಡೆ ತಿರುಗಿ, "ನನ್ ಮಾನಾನ ಬೀದೀಲಿ ನೇತಾಕ್ಬಿಟ್ಯಲ್ಲೇ!" ಎಂದು ಕೂಗಿದರು. ನೇತುಹಾಕಿದ್ದು ಯಾರು, ಹೇಳಿ ನೋಡೋಣ? ಸಿಂಧು ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು.

ಮಧ್ಯಾಹ್ನ ಊಟಕ್ಕೆ ಕರೆದರೆ ಉತ್ತರವಿಲ್ಲ. ಅವಳಪ್ಪ ಬಾಗಿಲು ಬಡಿದ. ಉತ್ತರವಿಲ್ಲ. ಫೋನು ಮಾಡಿದರೆ ಒಳಗೆ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ರಿಸಲ್ಟಿನ ಮರುದಿನದ ಪೇಪರು ನೀವೂ ಓದಿರುತ್ತೀರಿ. ಮೊದಲ ಪುಟದಲ್ಲಿ ಬಾಯಿಗೆ ಪೇಡ ಇಡಿಸಿಕೊಂಡ ಮಕ್ಕಳು, ಒಳಪುಟದ ಮೂಲೆಯಲ್ಲಿ ಮೂರು ಸಾಲಿನ ಇನ್ನೊಂದು ಸುದ್ದಿ. ಆ ಬಾಗಿಲ ಮುಂದೆ ನಿಂತ ನಮ್ಮೆಲ್ಲರಿಗೂ ಆ ಮೂರು ಸಾಲು ನೆನಪಾಗಿತ್ತು. ನನಗೆ ಅತ್ತೆಯ ಮೇಲೆ, ಆ ಬ್ಯಾನರಿನ ಮೇಲೆ, ನನ್ನ ಕೇಕಿನ ಮೇಲೆ ಅಸಹ್ಯ ಹುಟ್ಟಿತು.

ಅತ್ತೆ ನಮ್ಮನ್ನು ಸರಿಸಿ ನೆಲದ ಮೇಲೆ ಕೂತರು. ಬಾಗಿಲ ಸಂದಿಗೆ ಬಾಯಿಟ್ಟು, "ಕಂದಾ, ಮಾರ್ಕ್ಸೂ ಬೇಡ ಗೀರ್ಕ್ಸೂ ಬೇಡ ಕಣೇ. ಇದೀನಿ ಅನ್ನು. ಒಂದ್ಸಲ ಅನ್ನು, ಸಾಕು" ಎಂದರು.

ಎಷ್ಟೋ ಹೊತ್ತಿನ ಮೇಲೆ ಚಿಲಕ ಸರಿಯಿತು.

"ಇದೀನಜ್ಜಿ. ಎಲ್ಲಿಗ್ ಹೋಗ್ಲಿ? ಮೂಲೇಲಿ ನನ್ ಫೋಟೋ ಇದ್ಯಲ್ಲ."

ಅತ್ತೆ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಮುಖ, ಕುತ್ತಿಗೆ, ಕೈ ಎಲ್ಲವನ್ನೂ ತಡವಿ ತಡವಿ ನೋಡಿದರು. ಅಷ್ಟರಲ್ಲಿ ಗೇಟಿನ ಹತ್ತಿರ ಪಕ್ಕದ ಮನೆಯಾಕೆ, "ಆಂಟೀ, ತೊಂಬತ್ತೈದಂತೆ! ಸ್ವೀಟೆಲ್ಲಿ?" ಎಂದು ಕೂಗಿದಳು.

ಅತ್ತೆ ಕೂತಲ್ಲಿಂದಲೇ ಕೂಗಿದರು: "ಬಾರಮ್ಮ ಒಳಗೆ! ಮ್ಯಾಥ್ಸಲ್ಲಿ ಫೇಲಾಗಿದಾಳೆ. ಮನೇಲಿದಾಳೆ, ನನ್ ಮಡಿಲಲ್ಲೇ ಇದಾಳೆ. ಬಾ, ಕೇಕ್ ತಿನ್ನು ಬಾ!"