ಖಾಲಿ, ಅರ್ಧ, ಪೂರ್ತಿ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಐವತ್ತು ಕೆಜಿಯ ಒಂದು ತೂಕದ ಕಲ್ಲು. ಹೆಸರಿಗೆ ಕಲ್ಲು, ಅಸಲಿಗೆ ಎರಕದ ಕಬ್ಬಿಣ. ತೂಕ ಮತ್ತು ಅಳತೆ ಕಚೇರಿಯ ಕಿಟಕಿಯ ಕೆಳಗೆ ಅದು ಮುನಿಸಿಕೊಂಡ ಮಾವನ ಹಾಗೆ ಕೂತಿರುತ್ತಿತ್ತು. ಯಾರು ಕರೆದರೂ ಸುಲಭಕ್ಕೆ ಏಳುವ ಪೈಕಿಯಲ್ಲ. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ನೋಡಲು ಹೋಗುವ ಪರೀಕ್ಷಕರಿಗೆ ಮಾತ್ರ ಅದರ ಸಹವಾಸ. ಗುಮಾಸ್ತರು ಅದರ ಮೇಲೆ ಕೊಡೆ ಒಣಗಿಸುತ್ತಿದ್ದರು, ಅಷ್ಟೆ.

ನಿನ್ನೆ ಸಂಜೆ ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: "ಗಡಿ ಕಚೇರಿಗೆ ನಮ್ಮಿಂದ ಒಬ್ಬರನ್ನ ಕಳಿಸಬೇಕಂತೆ. ಮುಂದಿನ ತಿಂಗಳು ಪ್ರತಿಯೊಬ್ಬರೂ ಈ ಕಲ್ಲನ್ನ ಎತ್ತಿ ತೂಕದ ಯಂತ್ರದ ಹಲಗೆ ಮೇಲೆ ಇಡಬೇಕು. ಗುಮಾಸ್ತರೂ ಸೇರಿ. ಅದನ್ನ ನೋಡ್ಕೊಂಡು ತೀರ್ಮಾನ ಮಾಡ್ತೀನಿ."

ಸಾಹೇಬರು ಬಾಗಿಲು ದಾಟುತ್ತಲೇ ಪೈಲ್ವಾನ ವ್ಯಾಖ್ಯಾನಕ್ಕೆ ನಿಂತ. ಅವನು ಆ ಕಚೇರಿಯ ಪರೀಕ್ಷಕ. ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. "ಇದರಲ್ಲಿ ಯೋಚನೆ ಮಾಡೋದೇನಿದೆ? ಎತ್ತಲಾರದವರನ್ನ ಇಲ್ಲಿಟ್ಕೊಂಡು ಯಾರು ಸಾಕ್ತಾರೆ? ಗಡಿಗೆ ಅಟ್ತಾರೆ."

ಎಲ್ಲರ ತಲೆಯೂ ಒಟ್ಟಿಗೇ ಗುಲಗಂಜಿಯ ಕಡೆ ತಿರುಗಿತು.

ಗುಲಗಂಜಿ ಎಂದರೆ ಕಿರಿಯ ಗುಮಾಸ್ತ. ಅಕ್ಕಸಾಲಿಗರು ಚಿನ್ನ ತೂಗಲು ಇಡುವ ಪುಟ್ಟ ಕೆಂಪು ಬೀಜದ ಹೆಸರನ್ನು ಅವನಿಗೆ ಇಟ್ಟವನೂ ಪೈಲ್ವಾನನೇ. ಕಚೇರಿಯ ಯಂತ್ರದ ಮೇಲೆ ಬೂಟು ಹಾಕಿಕೊಂಡು ನಿಂತರೆ ಐವತ್ತೆರಡು ಕೆಜಿ ತೂಗುತ್ತಿದ್ದ. ಬೂಟು ಬಿಚ್ಚಿದರೆ ಅವನೂ ಆ ಕಲ್ಲೂ ಹೆಚ್ಚುಕಮ್ಮಿ ಸಮ.

ಗಡಿ ಎಂದರೆ ಒಂದು ಹಗಲು ಪೂರ್ತಿ ಬಸ್ಸು, ಆಮೇಲೆ ದೋಣಿ. ಗುಲಗಂಜಿಯ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಂಜೆಯ ಪಾಳಿ. ಮಗಳು ಇನ್ನೂ ಚಿಕ್ಕವಳು. ಶಾಲೆಯಿಂದ ಬಂದ ಮೇಲೆ ಅಮ್ಮ ಬರುವ ತನಕ ಅವಳಿಗೆ ಅಪ್ಪನೇ ದಿಕ್ಕು. ಅವನು ಗಡಿಗೆ ಹೋದರೆ ಆ ಮನೆಯಲ್ಲಿ ಸಂಜೆ ದೀಪ ಹಾಕುವವರಿಲ್ಲ. ರಾತ್ರಿಯಿಡೀ ಅವನ ಕಣ್ಣೆದುರು ಒಂದೇ ಚಿತ್ರ: ಬೀಗ ಹಾಕಿದ ಬಾಗಿಲು, ಮೆಟ್ಟಿಲ ಮೇಲೆ ಚೀಲ ತಬ್ಬಿಕೊಂಡು ಕೂತ ಮಗಳು.

ಬೆಳಿಗ್ಗೆ ಎದ್ದವನೇ ಹೇಳಿದ: "ನೋಡೇ, ನಾನು ಬಲ ಬೆಳೆಸ್ಕೋಬೇಕು. ಇವತ್ತೇ ಶುರು. ಆದ್ರೆ ಯಾವ ಪದ್ಧತಿ ಅಂತ ಮೊದಲು ಆರಿಸ್ಕೋಬೇಕು."

"ಆರಿಸೋದೇನ್ರೀ ಅದರಲ್ಲಿ? ಎರಡು ಬಕೆಟ್ ನೀರು ಹಿಡ್ಕೊಂಡು ಮೆಟ್ಟಿಲು ಹತ್ತಿ ಇಳೀರಿ. ನನಗೂ ಉಪಕಾರ ಆಗುತ್ತೆ."

"ಅಪ್ಪಾ, ನನ್ನ ಸ್ಕೂಲ್ ಬ್ಯಾಗಿಂದ ಶುರು ಮಾಡು," ಎಂದಳು ಮಗಳು. "ಸ್ವಲ್ಪ ಭಾರ ಇದೆ, ಹುಷಾರು."

"ತಮಾಷೆ ಅಲ್ಲ ಪುಟ್ಟಾ. ತಪ್ಪು ಪದ್ಧತಿ ಹಿಡಿದು ಒಂದು ತಿಂಗಳು ಹಾಳಾದ್ರೆ ಆಮೇಲೆ ಏನ್ ಮಾಡೋದು?"

ಅವನ ಕಷ್ಟ ಇದ್ದದ್ದೇ ಇಲ್ಲಿ. ಹನ್ನೆರಡು ವರ್ಷ ತೂಕದ ಕಚೇರಿಯಲ್ಲಿ ಕೂತವನಿಗೆ ಒಂದು ವಿಷಯ ರಕ್ತಕ್ಕಿಳಿದಿತ್ತು: ಪರೀಕ್ಷೆ ಮಾಡದೆ ಮುದ್ರೆ ಒತ್ತುವಂತಿಲ್ಲ. ಯಾವ ತಕ್ಕಡಿಯೇ ಬರಲಿ, ಮೊದಲು ಖಾಲಿ ನೋಡಬೇಕು, ಆಮೇಲೆ ಅರ್ಧ ಭಾರ, ಕೊನೆಗೆ ಪೂರ್ತಿ ಭಾರ. ಮೂರರಲ್ಲೂ ಸರಿಯಿದ್ದರೆ ಮುದ್ರೆ. ವ್ಯಾಯಾಮಕ್ಕೆ ಬೇರೆ ನ್ಯಾಯವಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಸಂಜೆಯೊಳಗೆ ಎಲ್ಲ ಪದ್ಧತಿಗಳನ್ನೂ ಖಾಲಿ, ಅರ್ಧ, ಪೂರ್ತಿ ಪರೀಕ್ಷಿಸಿ ಒಂದಕ್ಕೆ ಮುದ್ರೆ ಒತ್ತುವುದೆಂದು ನಿರ್ಧರಿಸಿದ.

ಮೇಲಿನ ಮನೆಯಿಂದ ಗುಡುಗು ಕೇಳಿಸಿತು. "ಯಾರ್ರೀ ಅದು ಬಲದ ವಿಷಯ ಮಾತಾಡ್ತಿರೋದು?"

ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟು ಬಹಳ ಕಾಲವಾದರೂ ಕೊರಳಿನ ಸೀಟಿಯನ್ನು ಬಿಟ್ಟಿರಲಿಲ್ಲ. ಎರಡೇ ನಿಮಿಷದಲ್ಲಿ ಅವರು ಹಜಾರದಲ್ಲಿದ್ದರು.

"ಕಬ್ಬಿಣ ಮುಟ್ಟಬೇಡಿ. ಕಬ್ಬಿಣ ಸೋಮಾರಿಗಳಿಗೆ. ನಿಮ್ಮ ದೇಹವೇ ನಿಮ್ಮ ಭಾರ. ದಂಡ, ಬಸ್ಕಿ, ಎರಡೇ ಸಾಕು. ಇವತ್ತು ಐದೈದು ಮಾಡಿ. ನಾಳೆ ಆರಾರು."

"ಮೇಷ್ಟ್ರೇ, ಪೂರ್ತಿ ಅಂದ್ರೆ ಎಷ್ಟು?"

"ಪೂರ್ತಿನಾ? ನನ್ನ ಕಾಲದಲ್ಲಿ ನೂರು."

"ಹಾಗಾದ್ರೆ ಅರ್ಧ ಐವತ್ತು," ಎಂದು ಗುಲಗಂಜಿ ತೋಳು ಮಡಚಿದ.

ಮೇಷ್ಟ್ರ ಮುಖದಲ್ಲಿ ಇಂಥ ಶಿಷ್ಯ ಕೊನೆಗಾಲಕ್ಕೆ ಸಿಕ್ಕನಲ್ಲ ಎಂಬ ಕಳೆ ಬಂತು. ಸೀಟಿ ಊದಿದರು. ದಂಡಗಳು ಹದಿನಾಲ್ಕಕ್ಕೆ ನಿಂತವು. ಗುಲಗಂಜಿ ಮೂಗು ನೆಲಕ್ಕೆ ಅಂಟಿಸಿಕೊಂಡು, "ಉಳಿದದ್ದು ಬಸ್ಕಿಯಲ್ಲಿ ತೀರಿಸ್ತೀನಿ," ಎಂದ. ಬಸ್ಕಿ ಅರವತ್ತು ದಾಟಿದ ಮೇಲೆ ಅವನು ಏಳುತ್ತಿದ್ದಾನೋ ಕೂರುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ. ಎಪ್ಪತ್ತಕ್ಕೆ ಕೂತ. ಮತ್ತೆ ಏಳಿಸಲು ಹೆಂಡತಿ ಬರಬೇಕಾಯಿತು.

"ಇದಕ್ಕೆ ಮುದ್ರೆ ಒತ್ತೋ ಹಾಗಿಲ್ಲ," ಎಂದು ಅವನು ಗೋಡೆ ಹಿಡಿದು ಹೊರಟ.

"ಪದ್ಧತಿ ಸರಿಯಾಗೇ ಇದೆ ಕಣ್ರೀ, ತಕ್ಕಡಿನೇ ಮುರಿದಿರೋದು!" ಎಂದು ಮೇಷ್ಟ್ರು ಮೆಟ್ಟಿಲಿನಿಂದ ಕೂಗಿದರು.

ಕಚೇರಿಯ ದಾರಿಯಲ್ಲೇ ಒಂದು ಜಿಮ್ ಇತ್ತು. ತರಬೇತುದಾರನ ತೋಳು ಗುಲಗಂಜಿಯ ತೊಡೆಗಿಂತ ದಪ್ಪವಿದ್ದರೂ ಅವನ ಮಾತು ಮಾತ್ರ ಮೆದು.

"ಸರ್, ನೀವು ಹೊಸಬರು. ವಾರಕ್ಕೆ ಮೂರು ದಿನ ಬನ್ನಿ ಸಾಕು. ಇವತ್ತು ಬರೀ ರಾಡು. ಮುಂದಿನ ವಾರ ಒಂದು ಚಿಕ್ಕ ಪ್ಲೇಟು. ನಡುವೆ ಚೆನ್ನಾಗಿ ನಿದ್ದೆ ಮಾಡಿ. ಇನ್ನೊಂದು ಮಾತು, ಭಾರ ಎತ್ತೋದು ಅಂತ ಅಂದ್ಕೋಬೇಡಿ. ನೆಲವನ್ನ ಕಾಲಿಂದ ಒತ್ತೋದು ಅಂದ್ಕೊಳ್ಳಿ."

ಗುಲಗಂಜಿಗೆ ಮಾತು ಹಿಡಿಸಿತು. ಖಾಲಿ ರಾಡು ಎತ್ತಿದ; ಎದ್ದಿತು. ಬೆಳಿಗ್ಗೆಯಿಂದ ಅವನ ಎದೆಯಲ್ಲಿ ಮೊದಲ ಸಲ ಸ್ವಲ್ಪ ಗಾಳಿ ಆಡಿತು.

"ಸರಿ. ಈಗ ಅರ್ಧ ಹಾಕಿ. ಆಮೇಲೆ ಪೂರ್ತಿ."

"ಸರ್, ಪೂರ್ತಿ ಆರು ತಿಂಗಳ ಮೇಲೆ."

"ಆರು ತಿಂಗಳ ಮೇಲೆ ಸರಿಯಿಲ್ಲ ಅಂತ ಗೊತ್ತಾದ್ರೆ ನಾನು ಯಾರನ್ನ ಕೇಳ್ಲಿ?"

"ಸರ್, ಇದು ತಕ್ಕಡಿ ಅಲ್ಲ, ಬೆನ್ನು."

ಆದರೆ ಅಷ್ಟರಲ್ಲಿ ತರಬೇತುದಾರನಿಗೆ ಫೋನು ಬಂತು. ಅವನು ಆ ಕಡೆ ತಿರುಗಿದ್ದೇ ತಡ, ಗುಲಗಂಜಿ ಪಕ್ಕದಲ್ಲಿದ್ದ ಪ್ಲೇಟುಗಳನ್ನು ತಾನೇ ತೂರಿಸಿದ. ಅರ್ಧ ಭಾರ ಎದ್ದಿತು, ಜೊತೆಗೆ ಬೆನ್ನಿನಲ್ಲಿ ಒಣಕಡ್ಡಿ ಮುರಿದಂಥ ಸದ್ದೂ ಎದ್ದಿತು. ಪೂರ್ತಿ ಭಾರ ಏಳಲೇ ಇಲ್ಲ. ಅವನೇ ರಾಡಿನ ಮೇಲೆ ಒದ್ದೆ ಬಟ್ಟೆಯ ಹಾಗೆ ನೇತುಬಿದ್ದ.

ಫೋನು ಮುಗಿಸಿ ಬಂದ ತರಬೇತುದಾರ ನಿಟ್ಟುಸಿರಿಟ್ಟ. "ನಾಳಿದ್ದು ಬನ್ನಿ ಸರ್. ಎದ್ದು ಬರೋಕೆ ಆದ್ರೆ."

ಕಚೇರಿ ಸೇರುವಷ್ಟರಲ್ಲಿ ಅವನ ನಡಿಗೆ ಸೂತ್ರದ ಗೊಂಬೆಯದಾಗಿತ್ತು. ಪೈಲ್ವಾನ ನೋಡಿದವನೇ ವಿಷಯವೆಲ್ಲ ಬಾಯಿಬಿಡಿಸಿದ. ಹೊಟ್ಟೆ ಕುಲುಕಿಸಿ ನಕ್ಕ.

"ಅಲ್ಲ ಗುರೂ, ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪ ಹುಡುಕಿದನಂತೆ! ನಮ್ಮಲ್ಲಿ ಇಲ್ಲದಿರೋ ಭಾರ ಯಾವ ಜಿಮ್ಮಲ್ಲಿದೆ? ಒಂದು ಕೆಜಿಯಿಂದ ಶುರು ಮಾಡು. ದಿನಾ ಒಂದೊಂದು ಮೆಟ್ಟಿಲು. ಎರಡು, ಐದು, ಹತ್ತು, ಇಪ್ಪತ್ತು. ತಿಂಗಳು ಮುಗಿಯೋದ್ರೊಳಗೆ ಐವತ್ತು ನಿನ್ನ ಕೈಯಲ್ಲಿ ಮಗು ಥರ ಇರುತ್ತೆ."

"ಒಳ್ಳೆ ಪದ್ಧತಿನೇ. ಆದ್ರೆ..."

"ಗೊತ್ತು, ಗೊತ್ತು, ಪರೀಕ್ಷೆ ಮಾಡ್ಬೇಕು. ಮಾಡು. ಒಂದೇ ಮಾತು, ಬೆವರು ಕೈಯಲ್ಲಿ ಮುಟ್ಟಬೇಡ. ತುಕ್ಕು ಹಿಡಿದ್ರೆ ತೂಕ ಕೆಡುತ್ತೆ. ಪ್ರತಿಯೊಂದನ್ನೂ ಒರೆಸಿಡು."

ಗುಲಗಂಜಿ ಎತ್ತಿದ, ಒರೆಸಿದ. ಒರೆಸುವಾಗ ಬೆವರಿದ, ಮತ್ತೆ ಒರೆಸಿದ. ಇಪ್ಪತ್ತರ ಕಲ್ಲು ಮೂರನೆಯ ಸಲಕ್ಕೆ ಅವನ ಪಾದದಿಂದ ಒಂದಂಗುಲ ಆಚೆ ಬಿತ್ತು. ಬೆರಳಚ್ಚಿನಮ್ಮ ಕುರ್ಚಿಯ ಮೇಲೆ ಕಾಲೆತ್ತಿಕೊಂಡು, "ಭಾರ ನಿಮಗೆ, ಪ್ರಾಣ ಹೋಗೋದು ನಮಗೆ!" ಎಂದು ಗದರಿದಳು. ಹಿರಿಯ ಗುಮಾಸ್ತರು ಕನ್ನಡಕ ಕೆಳಗಿಳಿಸಿ, "ನನ್ನ ಮಾತು ಕೇಳಿ, ಹಾಲು ಕುಡೀರಿ," ಎಂದು ನಾಲ್ಕನೆಯ ಪದ್ಧತಿಯೊಂದನ್ನು ದಯಪಾಲಿಸಿದರು.

ಊಟದ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆಯಲು ಅವನ ಬೆರಳುಗಳು ಬಗ್ಗಲಿಲ್ಲ. ಯಾರಿಗೂ ಕಾಣದಂತೆ ದಾಖಲೆ ಕೋಣೆಗೆ ಹೋಗಿ, ಕಪಾಟುಗಳ ನಡುವೆ ತಣ್ಣನೆಯ ನೆಲದ ಮೇಲೆ ಬೆನ್ನು ಚಾಚಿ ಮಲಗಿಬಿಟ್ಟ. ಆ ಕಡೆ ಹಜಾರದಲ್ಲಿ ಸಾಹೇಬರ ದನಿ, ಯಾರದೋ ನಗು, ಕುರ್ಚಿಗಳ ಸದ್ದು ಕೇಳುತ್ತಿತ್ತು. ಏನೆಂದು ಎದ್ದು ನೋಡುವ ತ್ರಾಣವಿರಲಿಲ್ಲ.

ಮಲಗಿದ್ದಲ್ಲೇ ತೀರ್ಪು ಕೊಟ್ಟ. ಜಿಮ್ಮಿನವನದೇ ಸರಿ. ವಾರಕ್ಕೆ ಮೂರು ದಿನ, ಖಾಲಿ ರಾಡು, ನಡುವೆ ನಿದ್ದೆ. ಎಷ್ಟು ಸರಳ! ಒಂದು ತಿಂಗಳಿದೆ. ಸಂಜೆ ಮಗಳಿಗೆ ಹೇಳಬೇಕು, ಅಪ್ಪ ಎಲ್ಲಿಗೂ ಹೋಗೋದಿಲ್ಲ ಅಂತ. ಕಣ್ಣಂಚು ಒದ್ದೆಯಾಯಿತು. ಒರೆಸಿಕೊಳ್ಳಲು ಕೈ ಅಲ್ಲಿಯವರೆಗೆ ಬರಲಿಲ್ಲ.

ಅವನು ಕಪಾಟು ಹಿಡಿದು ಎದ್ದು ಹಜಾರಕ್ಕೆ ಬಂದಾಗ ಎಲ್ಲರೂ ಕಲ್ಲಿನ ಸುತ್ತ ನಿಂತಿದ್ದರು.

"ಬನ್ನಿ, ನಿಮಗೇ ಕಾಯ್ತಿದ್ವಿ," ಎಂದರು ಸಾಹೇಬರು. "ಮೇಲಿನವರು ಹೆಸರು ಇವತ್ತೇ ಕೇಳ್ತಿದ್ದಾರೆ. ಪರೀಕ್ಷೆ ಈಗಲೇ."

ನಿನ್ನೆಯಾಗಿದ್ದರೆ ಗುಲಗಂಜಿಗೆ ಕಡೇಪಕ್ಷ ಕೈಕಾಲುಗಳಾದರೂ ಇರುತ್ತಿದ್ದವು. ಇವತ್ತು ಅವೆಲ್ಲ ಎರವಲು ತಂದ ಸಾಮಾನಿನ ಹಾಗೆ ಮೈಗೆ ಜೋತುಬಿದ್ದಿದ್ದವು.

ಮೊದಲು ಹಿರಿಯ ಗುಮಾಸ್ತರು. ಕಲ್ಲಿನ ಹಿಡಿಯನ್ನು ಮುಟ್ಟಿ, ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. "ಆಗಲ್ಲ ಸಾಹೇಬ್ರೇ." ಬೆರಳಚ್ಚಿನಮ್ಮ ಬಗ್ಗಲೂ ಇಲ್ಲ, ಚಪ್ಪಲಿಯ ತುದಿಯಿಂದ ನೂಕಿ, "ಆಗಲ್ಲ," ಎಂದು ಹೋಗಿ ಕೂತಳು. ಇಷ್ಟು ಸಲೀಸಾಗಿ ಇವರು ಗಡಿಗೆ ಸಿದ್ಧರಾಗುವುದೇ ಎಂದು ಗುಲಗಂಜಿಗೆ ಮರುಕವಾಯಿತು.

ಆಮೇಲೆ ಪೈಲ್ವಾನ. ಅವನು ಅಂಗೈ ಉಜ್ಜಿಕೊಂಡ, ಉಸಿರು ಕಟ್ಟಿದ, ಹಿಡಿಗೆ ಕೈ ಹಾಕಿದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕಲ್ಲು ಅಲ್ಲಾಡಲಿಲ್ಲ. "ಅಯ್ಯಯ್ಯೋ ಸೊಂಟ!" ಎಂದು ಅವನು ಗೋಡೆಗೊರಗಿ ಕುಸಿದ.

ಪೈಲ್ವಾನನಿಗೇ ಆಗಲಿಲ್ಲ! ಗುಲಗಂಜಿಯ ತಲೆಯೊಳಗೆ ಏನೋ ಒಂದು ಮಿಂಚಿತು. ಎಲ್ಲರೂ ಸೋತಿದ್ದಾರೆ. ತಾನೊಬ್ಬ ಗೆದ್ದರೆ ಯಾರು ಬೇಕಾದರೂ ಗಡಿಗೆ ಹೋಗಲಿ, ತಾನಂತೂ ಹೋಗುವುದಿಲ್ಲ. ಮೆಟ್ಟಿಲ ಮೇಲೆ ಕೂತ ಮಗಳು ಮತ್ತೊಮ್ಮೆ ಕಂಡಳು.

ಅವನು ಬಗ್ಗಲಿಲ್ಲ, ಕಾಲುಗಳೇ ಸೋತು ಕಲ್ಲಿನ ಮುಂದೆ ಇಳಿದವು. ಬೆರಳುಗಳು ಹಿಡಿಯ ಸುತ್ತ ಕೊಕ್ಕೆಯಂತೆ ಮರಗಟ್ಟಿ ಕೂತವು. ತೋಳು ಮಡಚಲು ಬರುತ್ತಿರಲಿಲ್ಲ, ಮಡಚುವ ಅಗತ್ಯವೂ ಇರಲಿಲ್ಲ. ನೆಲವನ್ನ ಕಾಲಿಂದ ಒತ್ತಬೇಕು. ಒತ್ತಿದ. ಹಲ್ಲು ಕಟಕಟಿಸಿದವು, ಕಿವಿಯಲ್ಲಿ ಮೇಷ್ಟ್ರ ಸೀಟಿ ಕೂಗಿತು, ಬೆನ್ನಿನ ಒಣಕಡ್ಡಿಗಳೆಲ್ಲ ಒಂದೊಂದಾಗಿ ಮಾತಾಡಿದವು. ಕಲ್ಲು ನೆಲ ಬಿಟ್ಟಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಹಲಗೆಯ ಮೇಲೆ ಧಡ್ ಎಂದು ಕೂತಿತು. ಯಂತ್ರದ ಮುಳ್ಳು ತೂಗಾಡಿ ಐವತ್ತಕ್ಕೆ ನಿಂತಿತು.

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಹಿಡಿಯಿಂದ ಅವನ ಬೆರಳು ಬಿಡಿಸಲು ಹಿರಿಯ ಗುಮಾಸ್ತರೇ ಬಂದರು.

"ನೀವು ಎತ್ತಿಬಿಟ್ರಲ್ಲ ಮಾರಾಯ್ರೇ!" ಎಂದು ಕಿವಿಯಲ್ಲಿ ಪಿಸುಗುಟ್ಟಿದರು. "ಊಟದ ಹೊತ್ತಲ್ಲಿ ಸಾಹೇಬ್ರು ಹೇಳಿದಾಗ ನೀವೆಲ್ಲಿದ್ರಿ?"

"ಏನು... ಹೇಳಿದ್ರು?"

ಉತ್ತರ ಸಾಹೇಬರಿಂದಲೇ ಬಂತು. ಅವರು ಗಂಟಲು ಸರಿಮಾಡಿಕೊಂಡರು. "ಭೇಷ್! ಮಧ್ಯಾಹ್ನವೇ ನಿಮಗೆಲ್ಲ ಹೇಳಿದ ಹಾಗೆ, ಗಡಿಯಲ್ಲಿ ಜೀಪು ಹೋಗೋ ದಾರಿ ಇಲ್ಲ. ಕಲ್ಲುಗಳನ್ನ ಕೈಯಲ್ಲೇ ಹೊತ್ಕೊಂಡು ಅಂಗಡಿ ಅಂಗಡಿಗೆ ತಿರುಗಬೇಕು. ಎತ್ತೋ ಆಳನ್ನೇ ಕಳಿಸಿ ಅಂತ ಕೇಳಿದಾರೆ. ನಮ್ಮಲ್ಲಿ ಅಂಥವರು ಒಬ್ಬರಾದ್ರೂ ಸಿಕ್ಕಿದ್ರಲ್ಲ, ಕಚೇರಿ ಮಾನ ಉಳೀತು. ಐದು ವರ್ಷ. ನಾಳೆ ಬೆಳಗಿನ ಬಸ್ಸು."

ಗುಲಗಂಜಿ ಪೈಲ್ವಾನನ ಕಡೆ ತಿರುಗಿದ. ಪೈಲ್ವಾನ ಗೋಡೆ ಬಿಟ್ಟು ಎದ್ದು ಬಂದ. "ನಿನ್ನನ್ನ ಹುಡುಕಿದೆ ಗುರೂ, ಎಲ್ಲೂ ಸಿಗಲಿಲ್ಲ," ಎಂದು ಬಹಳ ಬೇಸರದಿಂದ ಹೇಳಿ, ಹಲಗೆಯ ಮೇಲಿದ್ದ ಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಕಿಟಕಿಯ ಕೆಳಗೆ ಇಟ್ಟುಬಂದ.

ಗುಲಗಂಜಿ ಬಾಯಿ ತೆರೆದ. ಸಾಹೇಬರು ಬೆರಳು ತೋರಿಸಿ ತಡೆದರು. ಅವರ ಸಭೆಯಲ್ಲಿ ಶಿಸ್ತು ಶಿಸ್ತೇ.

"ಹಾಗೆಲ್ಲ ಮಧ್ಯೆ ಬಾಯಿ ಹಾಕೋ ಹಾಗಿಲ್ಲ. ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಕೈ ಎತ್ತಿ."

ಗುಲಗಂಜಿ ಬಲಗೈ ಎತ್ತಲು ನೋಡಿದ. ಅದು ಪ್ಯಾಂಟಿನ ಜೇಬಿನವರೆಗೆ ಬಂದು ನಿಂತಿತು. ಎಡಗೈ ಅಷ್ಟೂ ಬರಲಿಲ್ಲ. ಭುಜ ನಡುಗಿತು, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು.

ಸಾಹೇಬರು ಎಲ್ಲರನ್ನೂ ಒಮ್ಮೆ ನಿಧಾನವಾಗಿ ನೋಡಿದರು.

"ಯಾರೂ ಕೈ ಎತ್ತಲಿಲ್ಲ," ಎಂದರು. "ನೋಡಿ, ಸಂತೋಷಕ್ಕೆ ಅವರಿಗೆ ಕಣ್ಣೀರೇ ಬಂದಿದೆ."